ಸ್ಲ್ಯಾಬಿನ ಮೇಲೆ ಕಟ್ಟಿದ ನೀರು

ಆದರೆ ಆ ನೀರಿನಲ್ಲಿ ಸಿಂಹಾಚಲದ ಬೆಟ್ಟ ಕಾಣುತ್ತಿತ್ತು ಎಂಬುದು ಸುಳ್ಳೇ ಇರಬೇಕು. ಪೆಂಡುರ್ತಿಯ ನಮ್ಮ ಬೀದಿಗೆ ಬೆಟ್ಟ ಯಾವ ದಿಕ್ಕಿಗಿತ್ತು ಎಂಬುದೇ ಈಗ ಖಾತ್ರಿಯಿಲ್ಲ. ಹಸಿ ಕಾಂಕ್ರೀಟಿನ ವಾಸನೆ ಮಾತ್ರ ಸುಳ್ಳಲ್ಲ. ಇಲ್ಲಿ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಮ್ಮ ಎದುರು ಮನೆಯವರು ಮೇಲೊಂದು ಅಂತಸ್ತು ಎಬ್ಬಿಸಿ, ಹೊಸ ಸ್ಲ್ಯಾಬು ಗಟ್ಟಿಯಾಗಲೆಂದು ಅದರ ಮೇಲೆ ನೀರು ಕಟ್ಟಿದ್ದಾರೆ. ಬೆಳಿಗ್ಗೆ ಕಿಟಕಿ ತೆರೆದರೆ ಅದೇ ವಾಸನೆ, ಅದರ ಹಿಂದೆಯೇ ಪದ್ಮ.

ಪದ್ಮ ಪೆಂಡುರ್ತಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ನನ್ನದೇ ತರಗತಿ. ನಾವಿಬ್ಬರೂ ಹತ್ತನೆಯ ಪರೀಕ್ಷೆಗೆ ಓದಿಕೊಳ್ಳಲೆಂದು ಅವಳ ತಂದೆ ತಮ್ಮ ಎರಡಂತಸ್ತಿನ ಮನೆಯ ಮೇಲೆ ಇನ್ನೊಂದು ಕೋಣೆ ಕಟ್ಟಿಸುತ್ತಿದ್ದರು. ನಗರಸಭೆ ಒಪ್ಪಿದ ನಕ್ಷೆಯಲ್ಲಿ ಅದಿರಲಿಲ್ಲ. ನಮಗೆ ನಕ್ಷೆ ಯಾಕೆ? ಗೋಡೆ ಏಳುವ ಮೊದಲೇ ನನ್ನ ಹಾಸಿಗೆ ಯಾವ ಗೋಡೆಗೆ, ಅವಳದು ಯಾವ ಗೋಡೆಗೆ ಎಂದು ತೀರ್ಮಾನವಾಗಿತ್ತು. ಬರೀ ಕಂಬಗಳ ಮೇಲೆ ಕೋಣೆಯ ಸೂರಿನ ಸ್ಲ್ಯಾಬು ಹಾಕಿ, ಅದರ ಸುತ್ತ ಗಿಡ್ಡ ಬದು ಕಟ್ಟಿ ನೀರು ನಿಲ್ಲಿಸಿದ್ದರು. ಅದು ಆರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಶಾಲೆಯಿಂದ ಬಂದವರೇ ಲಂಗ ಎತ್ತಿ ಕಟ್ಟಿ ಆ ನೀರಿನಲ್ಲಿ ನಡೆದಾಡುತ್ತಿದ್ದೆವು.

ಅಪ್ಪ ಧಾರವಾಡದ ಕಡೆಯವರು, ಕಾರ್ಖಾನೆಯೊಂದರಲ್ಲಿ ಸಿವಿಲ್ ಎಂಜಿನಿಯರ್. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ತೊಲೆ ನೋಡುತ್ತಿದ್ದರು, ಎಲೆ ಆಮೇಲೆ.

"ಎರಡಂತಸ್ತಿನ ಕಂಬ ಅವು. ಮೂರನೇದು ಹೊರ್ತಾವೇನು?" ಎಂದು ಚಹಾ ಕುಡಿಯುತ್ತ ಗೊಣಗಿದರು.

"ಅವರ ಮನಿ, ಅವರ ಕಂಬ. ನಿಮಗ್ಯಾಕ್ರೀ?" ಎಂದಳು ಅಮ್ಮ.

"ಬಿದ್ರ ನಮ್ಮ ಮ್ಯಾಲೇ ಬೀಳ್ತದ."

ಇನ್ನೊಂದು ಸಂಗತಿ ಹೇಳಲೇಬೇಕು. ಅಪ್ಪನಿಗೆ ತೆಲುಗು ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನಲ್ಲಿ, ಬೀದಿದೀಪ, ಚರಂಡಿ, ಹೀಗೆ ಮನೆಯ ಅರ್ಜಿಗಳೆಲ್ಲ ನನ್ನ ಪಾಲಿಗೆ. ಅವರು ಕನ್ನಡದಲ್ಲಿ ಹೇಳುವರು, ನಾನು ತೆಲುಗಿನಲ್ಲಿ ಬರೆಯುವೆ, ಕೆಳಗೆ ಅವರ ಸಹಿ. ನನ್ನ ದುಂಡನೆಯ ಅಕ್ಷರದ ಬಗ್ಗೆ ನನಗೆಷ್ಟು ಜಂಬವೆಂದರೆ, ಬರೆಯುತ್ತಿರುವುದು ಏನೆಂಬುದರ ಕಡೆ ಗಮನವೇ ಇರುತ್ತಿರಲಿಲ್ಲ. ಆ ವಾರವೂ ಒಂದು ಅರ್ಜಿ ಬರೆದೆ.

ಕೆಲವು ದಿನಗಳಲ್ಲಿ ನಗರಸಭೆಯವರು ಬಂದು ಸ್ಲ್ಯಾಬಿನ ನಟ್ಟನಡುವೆ ತೂತು ಹೊಡೆದರು. ಪೂರ್ತಿ ಕೆಡವಲಿಲ್ಲ, ಆ ಸೂರಿನಡಿ ಯಾರೂ ಇರಬಾರದು, ಅಷ್ಟೇ. ಕಟ್ಟಿದ ನೀರೆಲ್ಲ ನಮ್ಮ ಹಾಸಿಗೆಗಳು ಇರಬೇಕಾಗಿದ್ದ ಜಾಗಕ್ಕೆ ಸುರಿಯಿತು. "ನಿನ್ನ ಅಕ್ಷರ ಎಷ್ಟು ದುಂಡಗಿದೆಯೇ" ಎಂದಳು ಪದ್ಮ, ತೆಲುಗಿನಲ್ಲಿ. ಅದನ್ನು ಆ ದಿನವೇ ಹೇಳಿದಳೋ, ಅಥವಾ ಇನ್ನೆಂದೋ ನನ್ನ ನೋಟ್ಸ್ ನೋಡಿ ಹೇಳಿದ್ದನ್ನು ನಾನೇ ತಂದು ಅಲ್ಲಿ ಕೂರಿಸಿದ್ದೇನೋ. ಪರೀಕ್ಷೆ ಮುಗಿದ ಮೇಲೆ ಪದ್ಮಳ ಮನೆಯವರು ಮನೆ ಮಾರಿ ಹೋದರು. ಗೋಡೆಯೇ ಏಳದ ಆ ಕೋಣೆಗೆ ನಾನು ಈಗಲೂ ಕಿಟಕಿ ಇಡುತ್ತಿರುತ್ತೇನೆ, ಒಮ್ಮೆ ರಸ್ತೆಯ ಕಡೆಗೆ, ಒಮ್ಮೆ ಬೆಟ್ಟದ ಕಡೆಗೆ.

ಅಪ್ಪ ಈಗಿಲ್ಲ. ಆ ವಾರದ ಅರ್ಜಿ ಯಾತರದೆಂದು ಅಮ್ಮನನ್ನು ಕೇಳಿದರೆ ಕೊತ್ತಂಬರಿ ಬಿಡಿಸುತ್ತ, "ಚರಂಡೀದ ಇರಬೇಕು, ಬಿಡು" ಎನ್ನುತ್ತಾಳೆ. ತಲೆ ಎತ್ತುವುದಿಲ್ಲ.

ನಿನ್ನೆ ನಮ್ಮ ವಾರ್ಡಿನ ಕಟ್ಟಡಗಳ ಮೇಲೆ ಕಣ್ಣಿಡುವ ಸರ್ಕಾರಿ ನೌಕರರು, ಪ್ಲಾನಿಂಗ್ ಸೆಕ್ರೆಟರಿ, ಬಂದಿದ್ದರು. ಕಟ್ಟಡಗಳಿಗೆ ಹೋದ ತಿಂಗಳು ಹೊಸ ನಿಯಮಗಳು ಬಂದಿವೆ. ಎದುರು ಮನೆಯ ಸ್ಲ್ಯಾಬು ಅವಕ್ಕಿಂತ ಮೊದಲಿನದೆಂದು ಮಾಲೀಕರ ವಾದವಂತೆ. ಯಾವಾಗ ಹಾಕಿದ್ದೆಂದು ಎದುರಿಗಿರುವ ನಾನು ಹೇಳಬೇಕು. "ನೆನಪಿದ್ದಷ್ಟು ಬರೆದುಕೊಡಿ ಮೇಡಂ, ಸಾಕು" ಎಂದು ಕಾಗದ ಮುಂದಿಟ್ಟರು. ಆಗ ಎದುರು ಮಹಡಿಯಲ್ಲಿ ಹುಡುಗಿಯೊಬ್ಬಳು ಪೈಪು ಹಿಡಿದು ನಿಂತಿದ್ದಳು ಎಂದು ಇಲ್ಲಿ ಬರೆಯುವ ಆಸೆಯಾಗುತ್ತದೆ. ಯಾರೂ ಇರಲಿಲ್ಲ. ಬಟ್ಟೆಗಳು ಒಣಗುತ್ತಿದ್ದವು.

ಹೋದ ವಾರ ಎದುರು ಮನೆಯವರು ಕಾಂಕ್ರೀಟು ಸುರಿಯುವುದನ್ನು ನೋಡಿದ್ದೆ. ಅದನ್ನೇ ಬರೆದೆ. ಪ್ರತಿ ಸಾಲನ್ನೂ ಎರಡು ಸಲ ಓದಿ, ನನ್ನದೇ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಂಡೆ.

ಪೆಂಡುರ್ತಿಯ ಆ ಹಳೆಯ ಅರ್ಜಿಯ ಪ್ರತಿ ಇಲ್ಲ. ಅದರಲ್ಲಿ ನಾನು ಬರೆದದ್ದು ಚರಂಡಿಯ ವಿಷಯವೋ, ಪದ್ಮಳ ಕೋಣೆಯ ವಿಷಯವೋ, ನನಗೆ ಗೊತ್ತಿಲ್ಲ.