ಖಾಲಿ ಹೊಟ್ಟೆಯಲ್ಲಿ ಸಿಗದ ನೋವು

2011ರಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ ಫಿಜಿಶಿಯನ್ ಆಗಿದ್ದೆ. ಧಾರವಾಡದವನಾದರೂ ನನ್ನ ಪೇಶಂಟುಗಳಲ್ಲಿ ಉಡುಪಿ ಕಡೆಯ ಹೋಟೆಲಿನವರೇ ಹೆಚ್ಚು. ಅವರಲ್ಲೊಬ್ಬರು ವಾಸು ಶೆಟ್ಟರು. ಸ್ಟೇಷನ್ ಹತ್ತಿರ ಊಟದ ಹೋಟೆಲ್, ವಯಸ್ಸು ಐವತ್ತೆಂಟು, ಕಾಲೇಜು ಕಾಲದಿಂದ ಅಂಟಿದ ಸಿಗರೇಟು.

ಎಂಟು ತಿಂಗಳಿಂದ ಅವರಿಗೆ ಹೊಟ್ಟೆನೋವು. ಹುಣ್ಣಿರಬಹುದೆಂದು ಎಂಡೋಸ್ಕೋಪಿ, ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಸೋನೋಗ್ರಫಿ ಆಗಿದ್ದವು, ಎರಡೂ ನಾರ್ಮಲ್. ತೂಕ ಮಾತ್ರ ಹದಿನಾಲ್ಕು ಕಿಲೋ ಇಳಿದಿತ್ತು. ಥಾಣೆಯ ವೈದ್ಯರೊಬ್ಬರು ಟೆನ್ಶನ್ ಎಂದು ನಿದ್ರೆಮಾತ್ರೆ ಬರೆದಿದ್ದರು. ನಾನು ಅಮುಕಿ ನೋಡಿದರೆ ಹೊಟ್ಟೆ ಮೆತ್ತಗಿತ್ತು, ಎಲ್ಲೂ ನೋವಿರಲಿಲ್ಲ.

"ಕ್ಯಾನ್ಸರ್ ಅಂತ ನಿಮಗೆಲ್ಲ ಗೊತ್ತುಂಟು, ನಮಗೆ ಮಾತ್ರ ಹೇಳುದಿಲ್ಲ," ಎಂದು ಅವರ ಹೆಂಡತಿ ಸುಮತಿಯಕ್ಕ ನನ್ನನ್ನು ದುರುಗುಟ್ಟಿ ನೋಡಿದರು. ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದ ವೈದ್ಯನಿಗೆ ಸಿಟ್ಟು ಬೇಗ ಬರುತ್ತದೆ.

"ನೋವು ಯಾವಾಗ ಬರತದರಿ?" ಎಂದು ಶೆಟ್ಟರನ್ನೇ ಕೇಳಿದೆ.

"ಯಾವಾಗಲಾದ್ರೂ ಬರ್ತದೆ, ಹೋಗ್ತದೆ."

"ಇವತ್ತು ಏನು ತಿಂದೀರಿ?"

"ಎಂತದೂ ಇಲ್ಲ. ಟೆಸ್ಟ್ ಬರೆದ್ರೆ ಖಾಲಿ ಹೊಟ್ಟೆ ಬೇಕಲ್ಲ ಡಾಕ್ಟ್ರೇ. ಯಾವಾಗಲೂ ಹಾಗೇ ಬರುದು."

ಆಗ ಹೊಳೆಯಿತು. ನಾವೆಲ್ಲ ಈ ಮನುಷ್ಯನನ್ನು ನೋಡಿದ್ದೇ ಉಪವಾಸದಲ್ಲಿ. ಹೋಟೆಲಿನಲ್ಲೂ ಗಿರಾಕಿಗಳದ್ದು ಮುಗಿಯದೆ ಅವರು ಉಣ್ಣುವವರಲ್ಲ. ಎಲ್ಲರದೂ ಮುಗಿದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ, ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು. ಉಣ್ಣುವ ಹೊತ್ತೇ ನಿಶ್ಚಿತವಿಲ್ಲದವರ ನೋವಿಗೆ ಹೊತ್ತು ಕಾಣುವುದು ಹೇಗೆ?

ಮರುದಿನ ಮಧ್ಯಾಹ್ನ ಅವರ ಹೋಟೆಲಿಗೇ ಹೋಗಿ, "ನನ್ನೆದುರಿಗೆ ಕೂತು ಫುಲ್ ಊಟ ಮಾಡ್ರಿ," ಎಂದೆ. ಶೆಟ್ಟರ ಮುಖ ಬಿಳಿಚಿತು. ದಿನಾ ನೂರಾರು ಜನಕ್ಕೆ ಬಡಿಸುವವರು ಅನ್ನಕ್ಕೆ ಹೆದರಿದ್ದನ್ನು ಕಂಡು ನನಗೆ ಸಂಕಟವಾಯಿತು. ಆದರೂ ಉಂಡರು. ಅರ್ಧ ಗಂಟೆಯೊಳಗೆ ಮಾತು ನಿಂತಿತು, ಹಣೆ ಬೆವರಿತು, ಟೇಬಲಿನ ಅಂಚು ಹಿಡಿದು ಬಾಗಿದರು. ಒಳಗೆ ಕರೆದೊಯ್ದು ಮಲಗಿಸಿ ಮುಟ್ಟಿದೆ. ಅಷ್ಟು ನೋವಿನಲ್ಲೂ ಹೊಟ್ಟೆ ಮೆತ್ತಗೇ ಇತ್ತು. ಉಂಡೊಡನೆ ಬಂದು ಅಮುಕಿದರೆ ಸಿಗದ ನೋವು, ಜೊತೆಗೆ ಅಷ್ಟು ವರ್ಷಗಳ ಸಿಗರೇಟು; ನನ್ನ ಸಂಶಯ ರಕ್ತನಾಳದ ಕಡೆ ತಿರುಗಿತು.

ನವಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಸಿಟಿ ಆಂಜಿಯೋಗ್ರಫಿ ಮಾಡಿಸಿದೆವು. ಕರುಳಿಗೆ ರಕ್ತ ಒಯ್ಯುವ ಮುಖ್ಯ ನಾಳ ಬಹುಪಾಲು ಮುಚ್ಚಿತ್ತು. ಉಂಡಾಗ ಕರುಳಿಗೆ ಹೆಚ್ಚು ರಕ್ತ ಬೇಕು. ಸಿಗದಿದ್ದರೆ ಮೆಟ್ಟಿಲು ಹತ್ತುವ ಹೃದ್ರೋಗಿಗೆ ಎದೆ ನೊಂದಂತೆ ಇಲ್ಲಿ ಹೊಟ್ಟೆ ನೋಯುತ್ತದೆ. ಪೂರ್ತಿ ಮುಚ್ಚಿದ್ದರೆ ಕರುಳೇ ಸತ್ತು ಜೀವಕ್ಕೆ ಎರವಾಗುತ್ತಿತ್ತು. ಸ್ಟೆಂಟ್ ಹಾಕಿದರು.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಊಟ ಬಿಟ್ಟವನ ರೋಗ ವೈದ್ಯನ ಕಣ್ಣಿಗೂ ಬೀಳುವುದಿಲ್ಲ ಎಂಬುದು ನಾನು ಕಲಿತದ್ದು. ನೋವನ್ನು ಅದು ಬರುವ ಹೊತ್ತಿನಲ್ಲೇ ನೋಡಬೇಕು.

ಕೆಲವು ದಿನಗಳ ನಂತರ ವಾರ್ಡಿಗೆ ಹೋದಾಗ ಶೆಟ್ಟರು ಮನೆಯಿಂದ ಬಂದ ಅನ್ನ ಉಂಡು, ಗೋಡೆಯ ಗಡಿಯಾರ ನೋಡುತ್ತ ಕೂತಿದ್ದರು. ಒಂದು ಗಂಟೆ ಕಳೆಯಿತು. ನೋವು ಬರಲಿಲ್ಲ. ಅವರ ಕಣ್ಣು ತುಂಬಿತು. ಇನ್ನೂ ಸ್ವಲ್ಪ ಅನ್ನ ಉಂಟಾ ಎಂದು ತುಳುವಿನಲ್ಲಿ ಹೆಂಡತಿಯನ್ನು ಕೇಳಿದರು. ಅಷ್ಟು ನನಗೂ ಅರ್ಥವಾಯಿತು. ಸುಮತಿಯಕ್ಕ ಡಬ್ಬಿ ತೆರೆದು ನೋಡಿ ಅತ್ತುಬಿಟ್ಟರು. ಎಂಟು ತಿಂಗಳ ಅಭ್ಯಾಸದಂತೆ ಅವರು ತಂದದ್ದೇ ನಾಲ್ಕು ತುತ್ತು.