ನುಣುಪಣ್ಣನ ಹಕ್ಕಿಗೂಡು

ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಅವನನ್ನು ಬೀದಿಯವರೆಲ್ಲ ನುಣುಪಣ್ಣ ಎಂದೇ ಕರೆಯುತ್ತಿದ್ದರು. ಮರದ ತುಂಡು ಕೈಗೆ ಸಿಕ್ಕರೆ ಸಾಕು, ಮರ ನುಣುಪಾಗಿಸುವ ಉಪ್ಪುಕಾಗದ ಹಿಡಿದು ಉಜ್ಜುತ್ತಾ ಕೂತುಬಿಡುವ ಆಸಾಮಿ. ಪೊರಕೆಯ ಹಿಡಿಯನ್ನೂ ಬಿಟ್ಟವನಲ್ಲ.

"ನೀನು ಉಜ್ಜಿದ ಕುರ್ಚಿ ಮೇಲೆ ಕೂತ್ರೆ ಜಾರಿಕೊಂಡು ಅಡುಗೆಮನೆಗೇ ಹೋಗ್ತೀನಿ ಕಣೋ" ಎಂದು ಜೊತೆಯಲ್ಲೇ ಇದ್ದ ಅಕ್ಕ ಛೇಡಿಸುತ್ತಿದ್ದಳು.

ಹಿತ್ತಲಿನ ಹಕ್ಕಿಗೂಡನ್ನು ಅವನು ನಾಲ್ಕು ಜನರನ್ನು ಕೇಳಿ, ಅಳೆದು ಸುರಿದು ಮಾಡಿದ್ದ. ಪುಟ್ಟ ಹಕ್ಕಿ ಮಾತ್ರ ತೂರುವಷ್ಟು ಕಿಂಡಿ. ಬೆಕ್ಕಿನ ಪಂಜ ಮರಿಗಳಿಗೆ ಎಟುಕದಂತೆ ಆಳವಾದ ತಳ. ಕಿಂಡಿಯ ಮುಂದೆ ಕೂರಲು ಕಡ್ಡಿ ಇಡಲಿಲ್ಲ; ಇಟ್ಟರೆ ಅನುಕೂಲವಾಗುವುದು ಕಾಗೆಗೇ. ಗೂಡು ನಿಂತಿದ್ದುದು ಕಬ್ಬಿಣದ ಕೊಳವೆಯ ಮೇಲೆ, ಅದರ ನಡುವೆ ಬೆಕ್ಕು ಹತ್ತದಂತೆ ಅಗಲವಾದ ತಗಡು. ಮರಿಗಳು ಹೋದ ಮೇಲೆ ಬಿಚ್ಚಿ ಶುಚಿ ಮಾಡಲೆಂದು ಪಕ್ಕದ ಹಲಗೆಗೆ ತಿರುಪು. ವಾಸನೆ ಹಕ್ಕಿಗಳಿಗೆ ಆಗದೆಂದು ಒಳಗೆ ಪಾಲಿಶ್ ಹಾಕಲಿಲ್ಲ. ಆದರೆ ಉಜ್ಜದೆ ಬಿಡಲು ಮನಸ್ಸು ಒಪ್ಪಬೇಕಲ್ಲ. ಒಳಗೋಡೆಯನ್ನು ಗಾಜಿನಂತೆ ಮಾಡಿದ್ದ.

ಹಕ್ಕಿಯೊಂದು ಬಂದು ಅದರಲ್ಲಿ ಮರಿ ಮಾಡಿತು. ಮರಿಗಳಿಗೆ ರೆಕ್ಕೆ ಬಲಿತು ಹಾರುವ ಹೊತ್ತು ಬಂದಿದ್ದ ಒಂದು ಬೆಳಿಗ್ಗೆ ತಾಯಿಹಕ್ಕಿ ಹುಳು ಕಚ್ಚಿಕೊಂಡು ಎದುರಿನ ಕೊಂಬೆಯಲ್ಲಿ ಕೂತು ಒಂದೇ ಸಮನೆ ಕರೆಯುತ್ತಿತ್ತು. ಗೂಡಿನ ಹತ್ತಿರ ಮಾತ್ರ ಬರಲಿಲ್ಲ.

"ಹೊರಗೆ ಬನ್ನಿ, ಆಮೇಲೆ ಊಟ ಅಂತಿದೆ. ಇವಿನ್ನೂ ಹಾಸಿಗೆ ಬಿಟ್ಟಿಲ್ಲ" ಎಂದಳು ಅಕ್ಕ.

ಬಿಸಿಲು ನೆತ್ತಿಗೆ ಬಂದರೂ ಒಂದು ಮರಿಯೂ ತಲೆ ಹೊರಗೆ ಹಾಕಲಿಲ್ಲ. ಅವನು ಮೆಲ್ಲಗೆ ಹೋಗಿ ಗೂಡಿಗೆ ಕಿವಿ ಕೊಟ್ಟ. ಸರ್ರನೆ ಉಗುರು ಗೀಚುವ ಸದ್ದು, ಹಿಂದೆಯೇ ದೊಪ್. ಮತ್ತೆ ಸರ್, ಮತ್ತೆ ದೊಪ್.

"ಜಾರ್ತಿವೆ ಅಕ್ಕಾ. ಹತ್ತೋಕೇ ಆಗ್ತಿಲ್ಲ. ನಾನೇ ಉಜ್ಜಿ ಉಜ್ಜಿ..." ಅವನ ಕೈ ತಿರುಪಿಗೆ ಹೋಯಿತು.

"ಬಿಚ್ಬೇಡ. ಗಾಬರಿಗೆ ಎಲ್ಲಾ ಒಟ್ಟಿಗೆ ಕೆಳಗೆ ಬೀಳ್ತವೆ. ಬೇಲಿ ಕಡೆ ನೋಡು."

ಬೇಲಿಯಡಿಯಲ್ಲಿ ಪಕ್ಕದ ಮನೆಯ ಬೆಕ್ಕು ಬಾಲವನ್ನಷ್ಟೇ ಆಡಿಸುತ್ತಾ ಹೊಂಚು ಹಾಕಿತ್ತು.

ಗೀಚುವ ಸದ್ದು ಕ್ಷೀಣವಾಗುತ್ತಾ ಬಂತು.

"ಗೋಣಿಪಟ್ಟೆ ಇಳಿಬಿಡೋ, ಹಿಡ್ಕೊಂಡು ಹತ್ಲಿ."

"ನಾರು ಕಾಲಿಗೆ ಸುತ್ಕೊಂಡ್ರೆ?" ಎಂದವನು ತಟಕ್ಕನೆ ಒಳಗೆ ಓಡಿದ. ಬರುವಾಗ ಕೈಯಲ್ಲಿ ಅತಿ ಒರಟಾದ ಉಪ್ಪುಕಾಗದದ ಉದ್ದನೆಯ ಪಟ್ಟಿ ಇತ್ತು. ಸ್ಟೂಲು ಹತ್ತಿ, ತರಿತರಿಯಾದ ಮೈ ಮರಿಗಳ ಕಡೆಗಿರುವಂತೆ ಪಟ್ಟಿಯನ್ನು ಕಿಂಡಿಯಿಂದ ಇಂಚಿಂಚಾಗಿ ಇಳಿಸಿದ. ತಾಯಿಹಕ್ಕಿ ಬಂದು ಅವನ ನೆತ್ತಿಗೆ ಕುಕ್ಕಿತು. ಅವನು ಅಲುಗಲಿಲ್ಲ. ಪಟ್ಟಿಯ ತುದಿಯನ್ನು ಹೊರಗೆ ಮಡಿಸಿ ಪಿನ್ನು ಚುಚ್ಚಿ, ಹಿತ್ತಲ ಬಾಗಿಲ ಮರೆಗೆ ಬಂದು ನಿಂತ. ಅಕ್ಕ ನೀರಿನ ಚೊಂಬು ಹಿಡಿದು ಬೆಕ್ಕಿಗೆ ಎದುರಾಗಿ ಕೂತಳು.

"ಬಾ ಮಹಾರಾಯ, ಸ್ನಾನ ಮಾಡಿಸ್ತೀನಿ."

ಗೂಡಿನೊಳಗೆ ಗೀಚುವ ಸದ್ದು. ಅವನು ಉಸಿರು ಬಿಗಿಹಿಡಿದು ದೊಪ್ ಎನ್ನುವುದನ್ನೇ ಕಾದ. ಅದು ಕೇಳಿಸಲಿಲ್ಲ. ಕಿಂಡಿಯಲ್ಲಿ ಒಂದು ಹಳದಿ ಕೊಕ್ಕು ಮೂಡಿತು, ಸುತ್ತ ನೋಡಿತು, ಎಡವುತ್ತಾ ಹಾರಿ ಕೊಂಬೆ ಸೇರಿತು. ಹಿಂದೆಯೇ ಇನ್ನೊಂದು. ಕೊನೆಯ ಮರಿ ಮಾತ್ರ ಅರ್ಧಕ್ಕೆ ನಿಂತು, ಮತ್ತೆ ಹತ್ತಿ, ಕಿಂಡಿಯಂಚಿನಲ್ಲಿ ನಡುಗುತ್ತಾ ಕೂತಿತು. ಬೆಕ್ಕು ನೆಗೆಯಲು ಮೈ ಕುಗ್ಗಿಸಿತು. ಚೊಂಬಿನ ನೀರು ನೇರ ಅದರ ಮುಖಕ್ಕೆ ಬಿತ್ತು. ಮರಿ ಹಾರಿತು.

ಆಮೇಲೊಂದು ದಿನ ಅವನು ತಿರುಪು ಬಿಚ್ಚಿ ಹಳೆಯ ಹುಲ್ಲು ತೆಗೆದ, ಬಿಸಿನೀರು ಹಾಕಿ ತಿಕ್ಕಿ ಒಣಗಿಸಿದ. ಉಳಿ ಹಿಡಿದು ಕಿಂಡಿಯ ಕೆಳಗಿನ ಒಳಗೋಡೆಗೆ ಅಡ್ಡಗೆರೆ ಕೊರೆಯಲು ಕೂತರೆ ಕೈ ಬರಲೊಲ್ಲದು.

"ಕಣ್ಣು ಮುಚ್ಕೊಂಡು ಗೀಚು" ಎಂದಳು ಅಕ್ಕ.

ಗೀಚಿದ. ಮುಗಿದ ಮೇಲೆ ಅಭ್ಯಾಸಬಲದಿಂದ ಹೆಬ್ಬೆರಳು ಆಡಿಸಿ ನೋಡಿದ. ಸಿಬಿರು ಚುಚ್ಚಿತು. ಉಜ್ಜಲು ಹೋಗದೆ ಆ ಒರಟನ್ನು ಹಾಗೆಯೇ ಬಿಟ್ಟು ಹಲಗೆ ಮುಚ್ಚಿದ.