ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ

ತೂಬಗೆರೆ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದ ನನ್ನನ್ನು ರೋಬೋಟ್ ಸ್ಪರ್ಧೆಯ ತಂಡಕ್ಕೆ ಮೇಲ್ವಿಚಾರಕನನ್ನಾಗಿ ಮಾಡಿದ್ದಕ್ಕೆ ಒಂದೇ ಕಾರಣ: ದಪ್ಪನೆಯ ನಿಯಮಾವಳಿಯನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ. ನಾನು ಓದಿದೆ, ಮುಖ್ಯವಾದುದಕ್ಕೆ ಕೆಂಪು ಶಾಯಿಯ ಗೆರೆ ಎಳೆದೆ. ದೊಡ್ಡ ಬ್ಯಾಟರಿ ಇರುವುದು ಮೋಟರುಗಳಿಗೆ. ಕ್ಯಾಮೆರಾದಂಥ ಉಪಸಾಧನಗಳಿಗೆ ಅದರಿಂದಲೇ ವಿದ್ಯುತ್ ಪಡೆಯುವುದಾದರೆ ಪ್ರತಿಯೊಂದಕ್ಕೂ ಪ್ರತ್ಯೇಕ ತಂತಿ ಇರಬೇಕು; ಪ್ರತಿ ತಂತಿಗೂ ಅದರ ತಾಳಿಕೆಗೆ ತಕ್ಕ ಫ್ಯೂಸು ಇರಬೇಕು.

ತಂಡದ ನಾಯಕಿ, ಹತ್ತನೆಯ ತರಗತಿಯ ಹುಡುಗಿ, ಇದನ್ನು ಅಕ್ಷರಶಃ ಪಾಲಿಸಿದಳು. ಸ್ಪರ್ಧೆಯಲ್ಲಿ ರೋಬೋಟ್ ಬಣ್ಣದ ಘನಗಳನ್ನು ಗುರುತಿಸಬೇಕಿತ್ತು; ಅದಕ್ಕೆ ನಮ್ಮಲ್ಲಿದ್ದುದು ಒಂದೇ ಕ್ಯಾಮೆರಾ. ಅದು ಸುಟ್ಟರೆ ರೋಬೋಟ್ ಕುರುಡು. ಅವಳ ಇಡೀ ವರ್ಷದ ಶ್ರಮ ಅಲ್ಲಿಗೆ ಮುಗಿದಂತೆ.

ಸ್ಪರ್ಧೆಗೆ ಎರಡು ದಿನವಿರುವಾಗ ಶಾಲಾ ಸಮಿತಿಯ ಅಧ್ಯಕ್ಷರು ಮಿನುಗುವ ದೀಪಗಳ ಪಟ್ಟಿಯೊಂದನ್ನು ತಂದರು. ಜೊತೆಗೆ ತಮ್ಮ ತೋಟದ ಪಂಪ್‌ಸೆಟ್ ರಿಪೇರಿಯವನನ್ನೂ ಕರೆತಂದಿದ್ದರು.

"ಏನ್ ಮೇಷ್ಟ್ರೇ, ಒಳ್ಳೆ ಗುಜರಿ ಗಾಡಿ ಇದ್ದಂಗೈತಲ್ಲ. ಒಸಿ ಲೈಟ್ ಬೇಡ್ವಾ?"

"ಅದಕ್ಕೆ ಬೇರೆ ಲೈನ್ ಎಳೀಬೇಕು ಸಾರ್," ಎಂದಳು ಹುಡುಗಿ.

"ಯಾರ್ ಬೇಡ ಅಂದ್ರವ್ವ? ಇವ್ನು ಐದ್ ನಿಮಿಷದಲ್ಲಿ ಎಳೀತಾನೆ."

ರಿಪೇರಿಯವನು ಬೇರೆ ತಂತಿ ಎಳೆಯಲಿಲ್ಲ. ಕ್ಯಾಮೆರಾದ ತಂತಿಯನ್ನೇ ಹಲ್ಲಿನಿಂದ ಸುಲಿದ. ಎಂಜಲನ್ನು ಅಂಗಿಗೆ ಒರೆಸಿಕೊಂಡ. ದೀಪದ ತಂತಿಗಳನ್ನು ಅದಕ್ಕೆ ಹೊಸೆದು, ಧೂಳು ಮೆತ್ತಿದ ಟೇಪು ಸುತ್ತಿದ. ಫ್ಯೂಸು ಹೋಯಿತು. ಇನ್ನೊಂದು ಹಾಕಿದ, ಅದೂ ಹೋಯಿತು. ಆಗ ತಾಮ್ರದ ನಾಲ್ಕು ಎಳೆಗಳನ್ನು ಕಿತ್ತು, ಹುರಿಮಾಡಿ, ಫ್ಯೂಸಿನ ಜಾಗದಲ್ಲಿ ಬಿಗಿದ. ದೀಪಗಳು ಮಿನುಗಿದವು.

"ಇನ್ ಹೋಗಕಿಲ್ಲ ಬಿಡಿ ಸಾ. ನಮ್ ಬೋರಿನ ಸ್ಟಾರ್ಟರ್‌ಗೂ ಇದೇ ಹಾಕಿರೋದು."

"ನೋಡ್ದೇನವ್ವ? ಬರೀ ಪುಸ್ತಕ ಓದಿದ್ರೆ ಕರೆಂಟ್ ಬರಲ್ಲ," ಎಂದು ಅಧ್ಯಕ್ಷರು ನಕ್ಕರು.

ಹುಡುಗಿ ನನ್ನ ಮುಖ ನೋಡಿದಳು. ಆ ನಿಯಮ ಯಾವ ಪುಟದ ಯಾವ ಸಾಲಿನಲ್ಲಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾದರೆ ಅರ್ಧ ಅಂಕ ಕಳೆಯಲು ಎಂದೂ ಹಿಂಜರಿಯದ ನಾನು, ಅಧ್ಯಕ್ಷರ ಎದುರು, "ನೋಡೋಣಮ್ಮ" ಎಂದೆ.

ಮರುದಿನದ ಅಭ್ಯಾಸ ನೋಡಲು ಅಧ್ಯಕ್ಷರೂ ರಿಪೇರಿಯವನೂ ಬಂದಿದ್ದರು. ರೋಬೋಟ್ ಎರಡು ಸುತ್ತು ಸರಿಯಾಗಿ ಓಡಿತು. ಮೂರನೆಯದರಲ್ಲಿ ನಾತ ಬಂತು.

"ಹೊಸ ವೈರಲ್ವಾ, ಮೊದ್ಲು ಹಂಗೇ ವಾಸ್ನೆ ಬರ್ತದೆ," ಎಂದರು ಅಧ್ಯಕ್ಷರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ.

ಹೊಸೆದ ಗಂಟುಗಳು ಟೇಪಿನೊಳಗೆ ಒಂದಕ್ಕೊಂದು ತಾಕಿದ್ದವು. ಫ್ಯೂಸು ಇದ್ದಿದ್ದರೆ ಆ ಕ್ಷಣವೇ ಕಡಿದುಹೋಗುತ್ತಿತ್ತು, ತಾಮ್ರ ಕಡಿಯಲಿಲ್ಲ. ತಂತಿಯ ಹೊದಿಕೆ ಬೆಂದು, ಗುಳ್ಳೆಯೆದ್ದು, ಲೋಳೆಯಂತೆ ಕ್ಯಾಮೆರಾದ ಕಡೆಗೆ ಇಳಿಯತೊಡಗಿತು. ರಿಪೇರಿಯವನು ಹಿಂದೆ ಸರಿದ. ನಾನೂ ಸರಿದೆ. ಹುಡುಗಿ ಮುಂದೆ ಬಾಗಿ ಬ್ಯಾಟರಿಯ ಸಂಪರ್ಕವನ್ನು ಕಿತ್ತಳು. ಕರಗಿದ ಪ್ಲಾಸ್ಟಿಕ್ ಅವಳ ತೋರುಬೆರಳಿಗೆ ಅಂಟಿಕೊಂಡಿತು.

ನಲ್ಲಿಯ ಕೆಳಗೆ ಬೆರಳು ಹಿಡಿದುಕೊಂಡು ನಿಂತವಳು ಕೇಳಿದಳು: "ನೋಡೋಣ ಅಂದ್ರಲ್ಲ ಸಾರ್. ನೋಡಿದ್ರಾ?"

ಅಂಗಿಗೆ ಹತ್ತಿದ ಆ ನಾತಕ್ಕಿಂತ ನನ್ನ "ನೋಡೋಣ" ಎಂಬ ಮಾತೇ ನನಗೆ ಹೆಚ್ಚು ಹೇಸಿಗೆ ತಂದಿತು, ಇಂದಿಗೂ ತರುತ್ತದೆ.

ಅವಳು ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು, ಯಾರನ್ನೂ ಕೇಳದೆ ದೀಪದ ಪಟ್ಟಿಯನ್ನು ಕಿತ್ತು ಬೆಂಚಿನ ಮೇಲಿಟ್ಟಳು. ತಾಮ್ರವನ್ನು ಬಿಚ್ಚಿದಳು, ಕ್ಯಾಮೆರಾಕ್ಕೆ ಹೊಸ ತಂತಿ ಎಳೆದು, ಎರಡು ಆಂಪಿಯರಿನ ಫ್ಯೂಸು ಕೂರಿಸಿದಳು. ಬ್ಯಾಟರಿ ಜೋಡಿಸಿದಾಗ ಕ್ಯಾಮೆರಾದ ಹಸಿರು ಚುಕ್ಕೆ ಬೆಳಗಿತು. ಅವಳು ಮೂಗು ಒರೆಸಿಕೊಂಡಳು. ಅಧ್ಯಕ್ಷರು ಆ ವೇಳೆಗಾಗಲೇ ಹೊರಟುಹೋಗಿದ್ದರು.

ದೇವನಹಳ್ಳಿಯಲ್ಲಿ ನಡೆದ ಸ್ಪರ್ಧೆಯ ಪರೀಕ್ಷಕರು ತಂತಿಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿ ಒಪ್ಪಿಗೆಯ ಚೀಟಿ ಅಂಟಿಸಿದರು. ನಮ್ಮ ತಂಡಕ್ಕೆ ಬಹುಮಾನವೇನೂ ಬರಲಿಲ್ಲ. ಆದರೆ ರೋಬೋಟ್ ಕೊನೆಯ ಸುತ್ತಿನವರೆಗೂ ಘನಗಳನ್ನು ತಪ್ಪದೆ ಗುರುತಿಸಿತು.

ಸೋಮವಾರ ಅಧ್ಯಕ್ಷರು ತಂಡದ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿದರು. ಪಟ್ಟಿ ಕಟ್ಟಿದ ಬೆರಳಿನ ಬಗ್ಗೆ ಕೇಳಲಿಲ್ಲ.

"ನಮ್ ಲೈಟೇ ಕಾಣಕಿಲ್ವಲ್ಲ ಮೇಷ್ಟ್ರೇ?"

"ನಾನೇ ತೆಗೆಸಿದೆ," ಎಂದೆ.

ಆ "ನೋಡೋಣ"ದ ಹಾಗೆ ಅದೂ ಸುಳ್ಳು. ಹುಡುಗಿ ಅಲ್ಲೇ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.